ವಾರಕ್ಕೊಂದು ಚಿತ್ರ: ಆರಿಸುವ ಬಗೆ

ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ನಡೆಯುವ ವಾರ ನಮ್ಮೂರಿನ ಹೆಚ್ಚುಕಡಿಮೆ ಪ್ರತಿ ಮೊಬೈಲಿನಲ್ಲೂ ತೇರಿನ ಚಿತ್ರವಿರುತ್ತದೆ. ವಾರಕ್ಕೊಂದು ಚಿತ್ರದಂತೆ ಒಂದು ವರ್ಷವನ್ನು ತುಂಬಿಸಲು ಹೊರಟ ಮೊದಲ ಸಲ ನಾನೂ ಆ ವಾರಕ್ಕೆ ತೇರನ್ನೇ ಆರಿಸಿದ್ದೆ. ಕೆಲವು ತಿಂಗಳ ನಂತರ ತಿರುಗಿ ನೋಡಿದಾಗ ಅದು ಯಾವ ವರ್ಷದ್ದು, ಯಾರು ತೆಗೆದದ್ದು ಎಂಬುದನ್ನು ಹೇಳುವ ಗುರುತು ಅದರಲ್ಲಿ ಒಂದೂ ಇರಲಿಲ್ಲ. ಅದೇ ದಿನ ತೆಗೆದು ಪಕ್ಕಕ್ಕಿಟ್ಟಿದ್ದ ಇನ್ನೊಂದರಲ್ಲಿ, ನಮ್ಮ ಓಣಿಯ ಅಜ್ಜಿಯೊಬ್ಬರು ದಾಸೋಹಕ್ಕೆಂದು ತಾವೇ ಬಡಿದ ಜೋಳದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊಸ್ತಿಲು ದಾಟುತ್ತಿದ್ದರು. ಆ ವಾರದ ಚಿತ್ರ ಅದೇ ಆಗಬೇಕಿತ್ತು. ಅಂದಿನಿಂದ ನಾನು ಪ್ರತಿ ಚಿತ್ರಕ್ಕೂ ಮೊದಲು ಕೇಳುವುದು ಇಷ್ಟೇ: ಇದನ್ನು ಬೇರೆ ವಾರ, ಬೇರೆಯವರು ತೆಗೆಯಬಹುದಿತ್ತೇ?

ಆರಂಭಿಸುವ ಮುನ್ನ ವಾರದ ಗಡಿಯನ್ನು ಗಟ್ಟಿಮಾಡಿಕೊಳ್ಳಿ. ಸೋಮವಾರದಿಂದ ಭಾನುವಾರ ಎಂದಿಟ್ಟುಕೊಂಡರೆ, ಶನಿವಾರದ ಒಳ್ಳೆಯ ಚಿತ್ರವನ್ನು ಮುಂದಿನ ವಾರಕ್ಕೆ ಉಳಿಸಿಕೊಳ್ಳುವ ಆಸೆಗೆ ಎಡೆಯಿರುವುದಿಲ್ಲ. ಯುಗಾದಿಯಿಂದ ಯುಗಾದಿಗೆ ಮಾಡಬೇಕೆಂದು ಅನೇಕರಿಗೆ ಅನಿಸುತ್ತದೆ, ನನಗೂ ಅದು ಇಷ್ಟವೇ. ಆದರೆ ಚಾಂದ್ರಮಾನ ವರ್ಷ ಸುಮಾರು 354 ದಿನಗಳದ್ದಾದ್ದರಿಂದ 50 ವಾರಗಳ ಮೇಲೆ ನಾಲ್ಕು ದಿನಗಳಷ್ಟೇ ಸಿಗುತ್ತವೆ, ಅಧಿಕಮಾಸ ಬಂದ ವರ್ಷವಾದರೆ ವಾರಗಳು 54ನ್ನು ದಾಟುತ್ತವೆ. ಸರಿಯಾಗಿ 52 ಚಿತ್ರಗಳೇ ಬೇಕೆನ್ನುವವರು ಜನವರಿಯಿಂದ ಹೊರಡುವುದು ಸುಲಭ.

ತೀರಾ ಅಲುಗಿದವನ್ನೂ ಮಸುಕಾದವನ್ನೂ ತೆಗೆದ ದಿನವೇ ಅಳಿಸಬಹುದು, ಆದರೆ ಆಯ್ಕೆಯನ್ನು ಅಂದೇ ಮಾಡಬೇಡಿ. ಬಿಸಿಲಲ್ಲಿ ಆನೆಗೊಂದಿಯ ಬಂಡೆ ಹತ್ತಿ ಇಳಿದ ಸಂಜೆ, ಪಟ್ಟ ಶ್ರಮವೆಲ್ಲ ಚಿತ್ರದಲ್ಲೇ ಇದೆಯೆಂದು ಕಣ್ಣಿಗೆ ಭಾಸವಾಗುತ್ತದೆ. ಎರಡು ದಿನ ಕಳೆದರೆ ಬಂಡೆ ಮಾತ್ರ ಉಳಿದಿರುತ್ತದೆ. ಭಾನುವಾರ ರಾತ್ರಿ ಊಟವಾದ ಮೇಲೆ ಇಡೀ ವಾರದ್ದನ್ನು ಒಟ್ಟಿಗೆ, ತೆರೆಯ ಮೇಲೆ ಬೆರಳ ಉಗುರಿನಷ್ಟು ಚಿಕ್ಕದಾಗಿಸಿ ನೋಡಿ. ಅಷ್ಟು ಚಿಕ್ಕದರಲ್ಲೂ ಕಣ್ಣನ್ನು ನಿಲ್ಲಿಸುವ ಐದಾರನ್ನು ಬೇರೆ ಮಾಡಿ, ಆಮೇಲೆ ಅವುಗಳನ್ನು ದೊಡ್ಡದಾಗಿಸಿ ಅಂಚುಗಳನ್ನು ಪರೀಕ್ಷಿಸಿ: ತಲೆಯಿಂದ ಮೊಳೆತಂತೆ ಕಾಣುವ ವಿದ್ಯುತ್ ಕಂಬ, ಅರ್ಧ ತುಂಡಾದ ಕೈ, ಮೂಲೆಯಲ್ಲಿ ಇಣುಕುವ ಬೈಕಿನ ಚಕ್ರ ಇತ್ಯಾದಿ.

ನಮ್ಮ ಸೀಮೆಯಲ್ಲಿ ಬೆಳಕಿನ ಕಾರಣದಿಂದ ಒಳ್ಳೆಯ ಚಿತ್ರಗಳು ಅನ್ಯಾಯವಾಗಿ ತಿರಸ್ಕೃತವಾಗುತ್ತವೆ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂದೇ ಎಣಿಸುವುದರಿಂದ, ಮಳೆ ಬಿದ್ದ ಎರೆಹೊಲ ಚಿತ್ರದಲ್ಲಿ ಬೂದಿಯಂತೆ ಪೇಲವವಾಗುತ್ತದೆ, ರಾಯಚೂರಿನ ಕಡೆಯ ಬಿಡಿಸಿದ ಹತ್ತಿಯ ರಾಶಿ ಮಬ್ಬಾಗುತ್ತದೆ. ಇವೆರಡನ್ನೂ ಆಮೇಲೆ ತಿದ್ದಬಹುದು. ಆದ್ದರಿಂದ ಈ ಕಾರಣಕ್ಕೆ ಚಿತ್ರವನ್ನು ಕೈಬಿಡಬೇಡಿ. ತಿದ್ದಲಾಗದ್ದು ಮಧ್ಯಾಹ್ನದ ಬಿಸಿಲಿನಲ್ಲಿ ಪೂರ್ತಿ ಬೆಳ್ಳಗಾಗಿ ಗೆರೆಯೇ ಉಳಿಯದ ಅಂಗಿ ಅಥವಾ ಆಕಾಶ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಾನು ಬೆಳಿಗ್ಗೆ ಎಂಟರೊಳಗಿನ ಮತ್ತು ಸಂಜೆಯ ಚಿತ್ರಗಳನ್ನೇ ಮೊದಲು ತೆರೆಯುತ್ತೇನೆ.

ಕೊನೆಗೆ ಎರಡು ಚಿತ್ರಗಳು ಸಮನಾಗಿ ನಿಂತರೆ ಹಿಂದಿನ ನಾಲ್ಕು ವಾರಗಳ ಚಿತ್ರಗಳ ಪಕ್ಕ ಅವನ್ನಿಟ್ಟು ನೋಡಿ. ಸತತವಾಗಿ ಮೂರು ವಾರ ಬಯಲು, ಬಂಡೆಗಳೇ ಬಂದಿದ್ದರೆ ಈ ವಾರ ಮುಖವೋ ಕೈಯೋ ಬರಲಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನನ್ನಲ್ಲಿ ಭೋರ್ಗರೆವ ನೀರಿನ ಚಿತ್ರಗಳೇ ತುಂಬಿದ್ದವು. ನಾನು ಇಟ್ಟುಕೊಂಡದ್ದು ಚಹಾದಂಗಡಿಯ ಬೆಂಚಿನ ಮೇಲೆ ಒಂದೇ ಮೊಬೈಲಿಗೆ ತಲೆಬಾಗಿಸಿ ಸುದ್ದಿ ನೋಡುತ್ತಿದ್ದ ಮೂವರು ರೈತರನ್ನು. ಭತ್ತದ ಆ ಹಂಗಾಮಿನ ಆತಂಕವೆಲ್ಲ ಅವರ ಹೆಗಲುಗಳಲ್ಲಿತ್ತು. ಚಿತ್ರವನ್ನು ಅವರಿಗೆ ತೋರಿಸಿ, ಒಪ್ಪಿಗೆ ಪಡೆದೇ ಆರಿಸಿದೆ. ಒಬ್ಬರಾದರೂ ಬೇಡವೆಂದರೆ ಎಷ್ಟೇ ಚೆನ್ನಾಗಿರುವ ಚಿತ್ರವನ್ನೂ ಬಿಟ್ಟುಬಿಡಬೇಕು.

ಜ್ವರ ಬಂದು ಮಲಗಿದ ವಾರಕ್ಕೂ ಚಿತ್ರ ಬೇಕು; ಮಂಚದಿಂದ ಕಂಡ ಕಿಟಕಿಯಾದರೂ ಸರಿ, ಅದು ಆ ವಾರದ ನಿಜವಾದ ಚಿತ್ರವೇ. ಹಳೆಯ ಚಿತ್ರವನ್ನು ತಂದು ತೆರಪು ತುಂಬಬೇಡಿ.

ಆರಿಸಿದ ಚಿತ್ರದ ಹೆಸರಿಗೆ ವಾರದ ಸಂಖ್ಯೆ, ದಿನಾಂಕ, ಊರು ಸೇರಿಸಿ ಇನ್ನೊಂದು ಕಡೆಯೂ ಪ್ರತಿಯಿಡಿ. ಸಾಧ್ಯವಿದ್ದರೆ ತಿಂಗಳಿಗೊಮ್ಮೆ ನಾಲ್ಕೈದನ್ನು 4×6 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಹಿಂಬದಿಗೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆಯಿರಿ. ಕೈಬಿಟ್ಟ ಎರಡನೆಯ ಆಯ್ಕೆಯನ್ನೂ ಬೇರೆ ಫೋಲ್ಡರಿನಲ್ಲಿ ಉಳಿಸಿಕೊಳ್ಳಿ; ಆ ರೊಟ್ಟಿಯ ಚಿತ್ರ ನನಗೆ ಮರಳಿ ಸಿಕ್ಕಿದ್ದು ಅಂಥ ಫೋಲ್ಡರಿನಲ್ಲಿಯೇ.