ಮಕ್ಕಳ ಹಲ್ಲು ನೋಡಿ ಊರಿನ ನೀರು ತಿಳಿಯುವುದು ಹೇಗೆ

ಬೇಳೆ ಬೇಗ ಬೇಯುವ ನೀರೇ ಒಳ್ಳೆಯ ನೀರು ಅಂತ ನಮ್ಮಮ್ಮ ನಂಬಿದ್ದರು. ಪಾವಗಡ ತಾಲ್ಲೂಕಿನ ನಮ್ಮ ಊರಿನಲ್ಲಿ ಆಗ ಎರಡು ಬೋರ್‌ವೆಲ್ ಇದ್ದವು. ಗುಡಿ ಹತ್ತಿರದ ಬೋರಿನ ನೀರು ಗಡಸು. ಸೋಪು ನೊರೆ ಬರುತ್ತಿರಲಿಲ್ಲ. ಪಾತ್ರೆ ತಳದಲ್ಲಿ ಬಿಳಿ ಪದರ ಕೂರುತ್ತಿತ್ತು. ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುತ್ತಿರಲಿಲ್ಲ. ಕೆರೆ ಕೋಡಿ ಕಡೆಯ ಬೋರಿನದು ಮೆದು ನೀರು, ಬಾಯಿಗೆ ಸಿಹಿ. ಅಮ್ಮ ದಿನಾ ಅರ್ಧ ಕಿಲೋಮೀಟರ್ ನಡೆದು ಆ ನೀರನ್ನೇ ತರುತ್ತಿದ್ದರು, ಮಕ್ಕಳಿಗೆ ಒಳ್ಳೆಯದಾಗಲಿ ಅಂತ.

ಏಳನೇ ವರ್ಷಕ್ಕೆ ನನ್ನ ಮುಂದಿನ ಹಲ್ಲು ಬಂದಾಗ ಅದರ ಮೇಲೆ ಸುಣ್ಣ ಎಳೆದ ಹಾಗೆ ಬಿಳಿ ಪಟ್ಟೆ ಇತ್ತು. ಹತ್ತು ತುಂಬುವಷ್ಟರಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿತು. ತೆಲುಗು, ಕನ್ನಡ ಎರಡೂ ಬೆರೆತ ನಮ್ಮ ಕಡೆ ಇದಕ್ಕೆ ಗಾರ ಹಲ್ಲು ಅನ್ನುತ್ತಾರೆ. ನೀನು ಸರಿಯಾಗಿ ಹಲ್ಲು ಉಜ್ಜಲ್ಲ ಅಂತ ಮನೆಯಲ್ಲಿ ಬೈದರು, ಶಾಲೆಯಲ್ಲೂ ಬೈದರು. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಎಲ್ಲದರಲ್ಲೂ ಉಜ್ಜಿದೆ. ಒಸಡಿನಲ್ಲಿ ರಕ್ತ ಬಂತು, ಬಣ್ಣ ಹೋಗಲಿಲ್ಲ.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಇಂಥ ಕಲೆ ಬರುವುದು ಹಲ್ಲು ಉಜ್ಜದೆ ಅಲ್ಲ, ಚಿಕ್ಕಂದಿನಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಅನ್ನುವ ಅಂಶ ಜಾಸ್ತಿ ಇದ್ದರೆ ಅಂತ ಆಮೇಲೆ ತಿಳಿಯಿತು. ಕೈಗೆ ಫ್ಲೋರೈಡ್ ಪರೀಕ್ಷೆಯ ಕಿಟ್ ಸಿಕ್ಕಿದ ವರ್ಷ ಮೊದಲು ಮಾಡಿದ ಕೆಲಸ ಆ ಎರಡು ಬೋರಿನ ನೀರು ತಂದದ್ದು. ಗುಡಿ ಬೋರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೇ ಇತ್ತು. ಕೋಡಿ ಬೋರಿನದು 2 ದಾಟಿತ್ತು. ಅಮ್ಮನಿಗೆ ಇದನ್ನು ಹೇಳಲು ನನಗೆ ಎಷ್ಟೋ ದಿನ ಬಾಯಿ ಬರಲಿಲ್ಲ.

ಹೀಗಾಗುವುದಕ್ಕೆ ಕಾರಣ ಇದೆ. ನಮ್ಮ ನೆಲದ ಕೆಳಗಿರುವುದು ಗ್ರಾನೈಟ್ ಮತ್ತು ನೈಸ್ (gneiss) ಅನ್ನುವ ಬಂಡೆ. ಅದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತಾಗ ಅದು ಕರಗುತ್ತಾ ಹೋಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಬೈಕಾರ್ಬನೇಟ್ ಜಾಸ್ತಿ ಇರುವ ಮೆದು ನೀರಿನಲ್ಲಿ ಅದಕ್ಕೆ ತಡೆಯೇ ಇಲ್ಲ. ಬೇಳೆ ಚೆನ್ನಾಗಿ ಬೇಯುವುದೂ ಅಂಥ ನೀರಿನಲ್ಲೇ. ಹಾಗಂತ ಗಡಸು ನೀರೆಲ್ಲ ಸುರಕ್ಷಿತ ಅಂದುಕೊಳ್ಳಬೇಡಿ. ಫ್ಲೋರೈಡಿಗೆ ಬಣ್ಣ ಇಲ್ಲ, ರುಚಿ ಇಲ್ಲ, ವಾಸನೆ ಇಲ್ಲ. ನಾಲಿಗೆಯಿಂದ, ಬೇಳೆಯಿಂದ ಗೊತ್ತಾಗುವ ವಿಷಯ ಅಲ್ಲ ಇದು.

ಆದರೆ ಹಲ್ಲಿನಿಂದ ಗೊತ್ತಾಗುತ್ತದೆ. ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಪಂಚಾಯ್ತಿ ಸದಸ್ಯರು, ತಂದೆತಾಯಿ ಯಾರು ಬೇಕಾದರೂ ಒಂದು ನೋಟ್ ಪುಸ್ತಕ ಇಟ್ಟುಕೊಂಡು ಮಾಡಬಹುದಾದ ಸಂಶೋಧನೆ ಇದು. ನಾನು ಮಾಡಿದ ರೀತಿಯನ್ನೇ ಹೇಳುತ್ತೇನೆ.

ಮೊದಲು ಹಲ್ಲು

ಸುಮಾರು 12 ವರ್ಷದ ಮಕ್ಕಳಿಂದ ಶುರು ಮಾಡಿ. ಆ ವಯಸ್ಸಿಗೆ ಮುಂದಿನ ಶಾಶ್ವತ ಹಲ್ಲುಗಳೆಲ್ಲ ಬಂದಿರುತ್ತವೆ. ಹಾಲುಹಲ್ಲು ನೋಡಿ ತೀರ್ಮಾನ ಮಾಡಬೇಡಿ. ಅದರ ಸ್ವಲ್ಪ ಭಾಗ ತಾಯಿಯ ಹೊಟ್ಟೆಯಲ್ಲೇ ಆಗಿರುತ್ತದೆ, ಹಾಗಾಗಿ ಕಲೆ ಅಷ್ಟಾಗಿ ಕಾಣುವುದಿಲ್ಲ.

ತಂದೆತಾಯಿಯ ಒಪ್ಪಿಗೆ ಮೊದಲು. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಹಲ್ಲಿನ ಬಣ್ಣ ನೋಡಿ ಹೆಣ್ಣು ಬೇಡ ಅಂದವರಿದ್ದಾರೆ. ಆದ್ದರಿಂದ ಪುಸ್ತಕದಲ್ಲಿ ಹೆಸರು ಬರೆಯಬೇಡಿ, ಬರೀ ನಂಬರ್ ಹಾಕಿ. ಮುಖದ ಫೋಟೋ ಬೇಡ. ತರಗತಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ನೋಡುವುದಂತೂ ಬೇಡವೇ ಬೇಡ. ಒಬ್ಬೊಬ್ಬರನ್ನೇ ಜಗಲಿಗೆ ಕರೆಯಿರಿ, ಬಿಸಿಲಿಗೆ ಮುಖ ಮಾಡಿಸಿ. ಬಾಯಿ ಮುಕ್ಕಳಿಸಿದ ಮೇಲೆ ಮಗುವೇ ಶುದ್ಧವಾದ ಹತ್ತಿಯಿಂದ ಮೇಲಿನ ಮುಂದಿನ ಹಲ್ಲು ಒರೆಸಿಕೊಳ್ಳಲಿ. ಒದ್ದೆ ಹಲ್ಲಿನಲ್ಲಿ ಬಿಳಿ ಗೆರೆ ಅಡಗಿರುತ್ತದೆ, ಒಣಗಿದಾಗ ಎದ್ದು ಕಾಣುತ್ತದೆ.

ಏನು ನೋಡಬೇಕು? ಎಡಕ್ಕೂ ಬಲಕ್ಕೂ ಜೋಡಿ ಹಲ್ಲುಗಳಲ್ಲಿ ಒಂದೇ ಥರ ಇದೆಯಾ ನೋಡಿ. ಫ್ಲೋರೋಸಿಸ್, ಅಂದರೆ ಫ್ಲೋರೈಡಿನಿಂದ ಬರುವ ಕಲೆ, ಜೋಡಿಯಾಗಿ ಬರುತ್ತದೆ, ಹಲ್ಲಿಗೆ ಅಡ್ಡವಾಗಿ ಬರುತ್ತದೆ. ಒಂದೇ ಹಲ್ಲಿನಲ್ಲಿ ಮಚ್ಚೆ ಇದ್ದರೆ ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿರಬಹುದು. ಒಸಡಿನ ಅಂಚಿನಲ್ಲಿ ಕಟ್ಟಿಕೊಂಡು ಕೆರೆದರೆ ಬರುವ ಹಳದಿ, ಕಪ್ಪು ಬರೀ ಪಾಚಿ. ಫ್ಲೋರೋಸಿಸ್ ಕಲೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಒಳಗೇ ಇರುತ್ತದೆ, ಕೆರೆದರೆ ಹೋಗುವುದಿಲ್ಲ.

ಅಳತೆಗೆ ದಂತವೈದ್ಯರು ಅಮೆರಿಕದ ಟ್ರೆಂಡ್ಲಿ ಡೀನ್ ಅನ್ನುವವರು 1942ರಲ್ಲಿ ತಿದ್ದಿ ಕೊಟ್ಟ ಆರು ದರ್ಜೆ ಬಳಸುತ್ತಾರೆ. ನಮ್ಮ ಕೆಲಸಕ್ಕೆ ನಾಲ್ಕು ಸಾಕು. ಹೊಳೆಯುವ ಹಲ್ಲು ಸೊನ್ನೆ. ಬಿಳಿ ಗೆರೆ ಒಂದು. ಇಡೀ ಹಲ್ಲು ಸುಣ್ಣದಂತೆ ಮಂಕಾಗಿದ್ದರೆ ಅಥವಾ ಕಂದಾಗಿದ್ದರೆ ಎರಡು. ಗುಳಿ ಬಿದ್ದು ಚೂರು ಎದ್ದಿದ್ದರೆ ಮೂರು. ಇಬ್ಬರು ಬೇರೆ ಬೇರೆಯಾಗಿ ನೋಡಿ ಅಂಕ ಹಾಕಿ, ಆಮೇಲೆ ಹೋಲಿಸಿ. ನಾನು ಮತ್ತು ನಮ್ಮ ಗಣಿತದ ಮೇಡಂ ಮೊದಲ ದಿನ ಒಪ್ಪಿದ್ದಕ್ಕಿಂತ ಒಪ್ಪದಿದ್ದದ್ದೇ ಜಾಸ್ತಿ. ಮೂರನೇ ದಿನಕ್ಕೆ ಕಣ್ಣು ಪಳಗಿತು.

ಕೇಳಲೇಬೇಕಾದ ಪ್ರಶ್ನೆ

ಈಗ ಎಲ್ಲಿಯ ನೀರು ಕುಡಿಯುತ್ತೀ ಅಂತ ಮಗುವನ್ನು ಕೇಳಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ನಾನೂ ಹಾಗೇ ಮಾಡಿದ್ದೆ. ಕೋಡಿ ಬೋರಿನ ಪಕ್ಕದ ಮನೆಯ ಒಬ್ಬ ಹುಡುಗಿಯ ಹಲ್ಲು ಮುತ್ತಿನ ಹಾಗಿತ್ತು. ಅವಳ ತಮ್ಮನದು ಪೂರ್ತಿ ಕಂದು. ಒಂದೇ ಮನೆ, ಒಂದೇ ಕೊಡ. ಒಂದು ವಾರ ನನಗೆ ತಲೆಬುಡ ಹತ್ತಲಿಲ್ಲ. ಆಮೇಲೆ ಅವರ ತಾಯಿ ಹೇಳಿದರು: ಬಾಣಂತನಕ್ಕೆ ತವರಿಗೆ ಹೋದವರು ಮಗಳಿಗೆ ನಾಲ್ಕು ತುಂಬುವವರೆಗೆ ಅಲ್ಲೇ ಉಳಿದಿದ್ದರಂತೆ. ತವರು ಕುಣಿಗಲ್ ಕಡೆ.

ಮುಂದಿನ ಹಲ್ಲಿನ ಎನಾಮಲ್ ದವಡೆಯೊಳಗೆ ತಯಾರಾಗುವುದು ಮೊದಲ ನಾಲ್ಕೈದು ವರ್ಷದಲ್ಲಿ. ಒಂದೂವರೆಯಿಂದ ಮೂರು ವರ್ಷದ ನಡುವಿನ ಕಾಲ ತುಂಬ ಸೂಕ್ಷ್ಮ. ಹಲ್ಲು ಹೊರಗೆ ಬರುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಹಾಗಾಗಿ ಪ್ರಶ್ನೆಯನ್ನು ತಾಯಿಗೇ ಕೇಳಿ, ಹೀಗೆ ಕೇಳಿ: ಈ ಮಗುವಿಗೆ ಒಂದರಿಂದ ನಾಲ್ಕು ವರ್ಷ ಇದ್ದಾಗ ನೀವು ಯಾವ ಊರಲ್ಲಿದ್ದಿರಿ, ಅಡುಗೆಗೆ ಯಾವ ನೀರು, ಕುಡಿಯೋಕೆ ಯಾವ ನೀರು?

ಅಮೆರಿಕದಲ್ಲಿ ಫ್ರೆಡರಿಕ್ ಮೆಕೇ ಅನ್ನುವ ದಂತವೈದ್ಯ 1901ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದಾಗ ಅಲ್ಲಿನ ಜನರ ಹಲ್ಲೂ ನಮ್ಮ ಹಾಗೇ ಇದ್ದವು. ಅವರು ವರ್ಷಗಟ್ಟಲೆ ಮಾಡಿದ್ದು ಇದೇ ಕೆಲಸ, ಹಲ್ಲು ನೋಡುವುದು, ನೀರಿನ ಮೂಲ ಕೇಳುವುದು. 1923ರಲ್ಲಿ ಐಡಹೋ ರಾಜ್ಯದ ಓಕ್ಲಿ ಊರಿನ ತಾಯಂದಿರು, ಹೊಸ ಪೈಪ್‌ಲೈನ್ ಬಂದ ಮೇಲೆ ಮಕ್ಕಳ ಹಲ್ಲು ಕೆಟ್ಟವು ಅಂದರು. ನೀರು ಪರೀಕ್ಷಿಸಿದರೆ ಏನೂ ಸಿಗಲಿಲ್ಲ. ಆದರೂ ಆ ನೀರು ಬಿಡಿ ಅಂತ ಮೆಕೇ ಹೇಳಿದರು. ಕೆಲವೇ ವರ್ಷದಲ್ಲಿ ಚಿಕ್ಕ ಮಕ್ಕಳಿಗೆ ಕಲೆ ಇಲ್ಲದ ಹಲ್ಲು ಬಂತು. ನೀರಿನಲ್ಲಿದ್ದದ್ದು ಫ್ಲೋರೈಡ್ ಅಂತ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಕಂಡುಹಿಡಿದದ್ದು 1931ರಲ್ಲಿ. ತಾಯಂದಿರ ಮಾತು ಲ್ಯಾಬಿಗಿಂತ ಎಂಟು ವರ್ಷ ಮುಂದಿತ್ತು. ನಮಗೆ ಹತ್ತಿರದ ನೆಲ್ಲೂರು ಕಡೆ ಇದೇ ಫ್ಲೋರೈಡಿನಿಂದ ಮೂಳೆ ಬಿಗಿದುಕೊಂಡ ಜನರ ಬಗ್ಗೆ ವರದಿ ಬಂದದ್ದು 1937ರಲ್ಲಿ.

ನೀರು ಹಿಡಿಯುವುದು

ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹರಿಯಲು ಬಿಡಿ. ಪೈಪಿನಲ್ಲಿ ನಿಂತ ನೀರು ಹೋಗಿ ಬೋರಿನ ಹೊಸ ನೀರು ಬರಲಿ. ಪ್ಲಾಸ್ಟಿಕ್ ಬಾಟಲಿಯಲ್ಲೇ ಹಿಡಿಯಿರಿ, ಗಾಜು ಬೇಡ. ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳಬಹುದು. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ಆಮೇಲೆ ತುಂಬಿ. ಬ್ಲೀಚಿಂಗ್ ಪುಡಿ ಹಾಕುವ ಮೊದಲೇ ಹಿಡಿಯಬೇಕು, ಕ್ಲೋರಿನ್ ಇದ್ದರೆ ಬಣ್ಣ ತಪ್ಪು ತೋರಿಸುತ್ತದೆ. ಬೋರಿನ ಜಾಗ, ಆಳ, ತಾರೀಖು ಬಾಟಲಿ ಮೇಲೇ ಬರೆಯಿರಿ.

ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯ್ತಿಗಳಿಗೆ ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಂಗಸರಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ಪಂಚಾಯ್ತಿಯಲ್ಲಿ ಕೇಳಿ. ನಾನು ಬಳಸುವ ಕಿಟ್‌ನಲ್ಲಿ ನೀರಿಗೆ ಹನಿ ಹಾಕಿದಾಗ ಗುಲಾಬಿ ಬಣ್ಣ ಉಳಿದರೆ ಫ್ಲೋರೈಡ್ ಕಡಿಮೆ. ಹಳದಿ ಕಡೆ ಹೋದಷ್ಟೂ ಜಾಸ್ತಿ. ನೆರಳಿನಲ್ಲಿ, ಬಿಳಿ ಹಾಳೆ ಹಿಂದೆ ಇಟ್ಟು ಬಣ್ಣ ಹೋಲಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಕಿಟ್‌ನಲ್ಲಿ 1 ದಾಟಿದ ಪ್ರತಿ ಮಾದರಿಯನ್ನೂ ಲ್ಯಾಬಿಗೆ ಕಳಿಸಿ ಖಚಿತ ಮಾಡಿಕೊಳ್ಳಿ. ಬೇಸಿಗೆ ಕೊನೆಗೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ನೋಡಬೇಕು.

ಟಿಡಿಎಸ್ ಮೀಟರ್ ತೋರಿಸಿ ನೀರು ಚೆನ್ನಾಗಿದೆ ಅನ್ನುವವರಿದ್ದಾರೆ. ಅದು ಕರಗಿದ ಉಪ್ಪುಗಳ ಒಟ್ಟು ಲೆಕ್ಕ ಮಾತ್ರ, ಫ್ಲೋರೈಡಿನದಲ್ಲ.

ಮನೆಯಲ್ಲಿ ಏನು ಬದಲಿಸಬೇಕು

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಆರ್‌ಒ ಘಟಕದ ಕ್ಯಾನ್ ತಂದರೆ ಕುಡಿಯಲು ಸರಿ. ಆದರೆ ನಾನು ನೋಡಿದ ಬಹುಪಾಲು ಮನೆಗಳಲ್ಲಿ ಕ್ಯಾನ್ ನೀರು ಕುಡಿಯಲು, ಬೋರಿನ ನೀರು ಅಡುಗೆಗೆ. ಮುದ್ದೆ, ಅನ್ನ, ಸಾರು, ಟೀ ಎಲ್ಲದರಲ್ಲೂ ಆ ನೀರು ಒಳಗೆ ಹೋಗುತ್ತದೆ ಅಲ್ವಾ? ಟೀ ಸೊಪ್ಪಿನಲ್ಲೇ ಸ್ವಲ್ಪ ಫ್ಲೋರೈಡ್ ಇರುತ್ತದೆ. ಎಲ್ಲರಿಗೂ ಸಾಲುವಷ್ಟು ಒಳ್ಳೆಯ ನೀರು ಇಲ್ಲದಿದ್ದರೆ ಮೊದಲ ಪಾಲು ಚಿಕ್ಕ ಮಗುವಿನ ಗಂಜಿಗೆ. ಘಟಕದ ನೀರನ್ನೂ ಆಗಾಗ ಪರೀಕ್ಷಿಸಿ, ಪೊರೆ ಹಳೆಯದಾದರೆ ಅದು ತಡೆಯುವುದಿಲ್ಲ. ಘಟಕ ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿರುತ್ತದೆ. ಅದನ್ನು ಬೋರಿನ ಬಳಿ ಇಂಗಲು ಬಿಡಬೇಡಿ, ದನಕ್ಕೂ ಕುಡಿಸಬೇಡಿ.

ಆರು ವರ್ಷದೊಳಗಿನವರು ಫ್ಲೋರೈಡ್ ಇರುವ ಪೇಸ್ಟ್ ನುಂಗದ ಹಾಗೆ ನೋಡಿಕೊಳ್ಳಿ. ಮೂರರ ಒಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು ಸಾಕು. ಹಾಲು, ನೆಲ್ಲಿಕಾಯಿ, ನಿಂಬೆ ಕೊಡಿ. ರಾಗಿಯನ್ನಂತೂ ಬಿಡಬೇಡಿ, 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಕಲೆ ಬಂದಾಗಿದ್ದರೆ ದಂತವೈದ್ಯರು ಮೇಲ್ಪದರ ಸವರಿ ಅಥವಾ ಹಲ್ಲಿನ ಬಣ್ಣದ ಲೇಪ ಕೂರಿಸಿ ಮರೆಮಾಡಬಲ್ಲರು. ನಾನು ಮೂವತ್ತೊಂದನೇ ವಯಸ್ಸಿನಲ್ಲಿ ಮಾಡಿಸಿಕೊಂಡೆ. ಇಟ್ಟಿಗೆ ಪುಡಿ ಮಾತ್ರ ಯಾರೂ ಮುಟ್ಟಬೇಡಿ.

ಫ್ಲೋರೈಡ್ ಮೂಳೆ, ಕೀಲುಗಳನ್ನೂ ಬಿಗಿಸಿದೆಯಾ ಅಂತ ನೋಡಲು ದೊಡ್ಡವರಿಗೆ ಮೂರು ಸಣ್ಣ ಪರೀಕ್ಷೆ ಇದೆ. ಮಂಡಿ ಬಗ್ಗಿಸದೆ ನೆಲದ ನಾಣ್ಯ ಎತ್ತುವುದು, ಗದ್ದ ಎದೆಗೆ ಮುಟ್ಟಿಸುವುದು, ಕೈ ಅಗಲಿಸಿ ಮಡಚಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದರೆ ಅದು ಬೇರೆ ಕಾರಣಕ್ಕೂ ಇರಬಹುದು. ನೀರಿನ ವರದಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಮಳೆ ನೀರಿನ ಲೆಕ್ಕ

ನಮ್ಮಂಥ ಒಣ ತಾಲ್ಲೂಕಿನಲ್ಲಿ ಮಳೆ ನೀರು ಎಲ್ಲಿ ಸಾಕಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಮಾಡಿ ನೋಡಿ. ಒಂದು ಚದರ ಮೀಟರ್ ಚಾವಣಿ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 30 ಅಡಿ ಉದ್ದ, 18 ಅಡಿ ಅಗಲದ ಆರ್‌ಸಿಸಿ ಮನೆ ಅಂದರೆ ಸುಮಾರು 50 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಹಿಡಿಯಿರಿ. 25,000 ಲೀಟರ್ ಆಯಿತು. ಐದನೇ ಒಂದು ಭಾಗ ಸೋರಿ, ಆರಿ ಹೋಯಿತು ಅಂದರೂ 20,000 ಉಳಿಯಿತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ ವರ್ಷಕ್ಕೆ ಸುಮಾರು 9,000. ಸಾಕಾಗಿ ಮಿಗುತ್ತದೆ.

ಮಳೆ ಇಲ್ಲದ ಆರು ತಿಂಗಳಿಗೆ 4,500 ಲೀಟರ್ ಬೇಕು. ಆದ್ದರಿಂದ 5,000 ಲೀಟರಿನ ತೊಟ್ಟಿ. ಬೆಳಕು ಒಳಗೆ ಹೋಗಬಾರದು, ಪಾಚಿ ಕಟ್ಟುತ್ತದೆ. ಸೊಳ್ಳೆ ಹೋಗದ ಹಾಗೆ ಬಾಯಿಗೆ ಸಣ್ಣ ಜಾಲರಿ. ತೊಟ್ಟಿಗೆ ಮೊದಲು ಒಂದು 200 ಲೀಟರಿನ ಡ್ರಮ್ ಇಟ್ಟು ತಳದಲ್ಲಿ ದಪ್ಪ ಜಲ್ಲಿ, ನಡುವೆ ಸಣ್ಣ ಜಲ್ಲಿ, ಮೇಲೆ ತೊಳೆದ ಮರಳು ತುಂಬಿ. ಪ್ರತಿ ಪದರದ ನಡುವೆ ಜಾಲರಿ ಹಾಸಿ. ಬಹಳ ದಿನ ಬಿಟ್ಟು ಬಂದ ಮಳೆಯ ಮೊದಲ 2 ಮಿಲಿಮೀಟರ್, ಅಂದರೆ ಈ ಚಾವಣಿಗೆ 100 ಲೀಟರ್, ತೊಟ್ಟಿಗೆ ಬಿಡಬೇಡಿ. ಹೊಲದ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ. ಪೈಪನ್ನು ಹೊರಕ್ಕೆ ತಿರುಗಿಸುವ ಒಂದು ವಾಲ್ವ್ ಸಾಕು. ಕುಡಿಯುವ ಮೊದಲು ಈ ನೀರನ್ನು ಕುದಿಸಿ. ಇಲ್ಲಿ ಕುದಿಸುವುದರಿಂದ ತೊಂದರೆ ಇಲ್ಲ, ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ನಮ್ಮ ಕಡೆ ದೊಡ್ಡ ಮಳೆ ಉತ್ತರೆ, ಹಸ್ತ, ಚಿತ್ತೆಯಲ್ಲಿ. ಉತ್ತರೆ ಶುರುವಾಗುವ ಮೊದಲು, ಸೆಪ್ಟೆಂಬರ್ ಮೊದಲ ವಾರದಲ್ಲಿ, ಚಾವಣಿ ಗುಡಿಸಿ ತೊಟ್ಟಿ ತೊಳೆದಿಟ್ಟುಕೊಳ್ಳಿ. ಕಳೆದ ಸಲ ನಮ್ಮ ಮನೆಯಲ್ಲಿ ಅಮ್ಮನೇ ಪೊರಕೆ ಹಿಡಿದು ಮೇಲೆ ಹತ್ತಿದರು. ನನ್ನ ತಮ್ಮನ ಮಗಳಿಗೆ ಈಗ ಎರಡು ವರ್ಷ. ಅವಳ ಗಂಜಿಗೆ, ಹಾಲಿಗೆ, ಮುದ್ದೆಗೆ ತೊಟ್ಟಿ ನೀರು. ಪುಸ್ತಕದಲ್ಲಿ ಅವಳಿಗೂ ಒಂದು ನಂಬರ್ ಹಾಕಿ ಮುಂದೆ ಖಾಲಿ ಬಿಟ್ಟಿದ್ದೇನೆ. ಅವಳ ಮುಂದಿನ ಹಲ್ಲು ಬರಲು ಇನ್ನೂ ಐದು ವರ್ಷ ಇದೆ.