16 ಮತ, 6 ರನ್: ರಾಜಕೀಯ ಮತ್ತು ಕ್ರೀಡಾ ವರದಿ ಬರೆಯುವ ಬಗೆ

ಪತ್ರಿಕೋದ್ಯಮದ ತರಗತಿಯಲ್ಲಿ ರಾಜಕೀಯ ವರದಿಗೆ ಸಿಗುವ ಮರ್ಯಾದೆ ಕ್ರೀಡಾ ವರದಿಗೆ ಸಿಗುವುದಿಲ್ಲ. ಆದರೆ ಶಿಸ್ತು ಕಲಿಯಬೇಕಾದದ್ದು ಕ್ರೀಡಾಪುಟದಿಂದಲೇ. ‘ತಂಡ 120 ರನ್ ಗಳಿಸಿದೆ’ ಎಂದಷ್ಟೇ ಬರೆದು ಕೊಟ್ಟರೆ ಎಷ್ಟು ವಿಕೆಟಿಗೆ, ಎಷ್ಟು ಓವರಿಗೆ ಎಂದು ಡೆಸ್ಕಿನವರು ಕಾಪಿ ವಾಪಸ್ ಕಳಿಸುತ್ತಾರೆ. ಮತ ಎಣಿಕೆಯ ದಿನ ಮಾತ್ರ ‘3,000 ಮತಗಳ ಮುನ್ನಡೆ’ ಎಂಬ ಸಾಲು ಸಲೀಸಾಗಿ ಟಿವಿಯ ಸ್ಕ್ರೋಲ್‌ಗೆ ಹೋಗುತ್ತದೆ. ಎಷ್ಟನೇ ಸುತ್ತು, ಇನ್ನೆಷ್ಟು ಮತ ಬಾಕಿ ಎಂದು ಕೇಳುವವರಿಲ್ಲ. ಓವರ್ ಹೇಳದೆ ಸ್ಕೋರ್ ಹೇಳಿದ ಹಾಗೆ ಅದು.

2018ರ ಮೇ 15ರ ಬೆಳಿಗ್ಗೆ, ಕರ್ನಾಟಕ ವಿಧಾನಸಭೆ ಚುನಾವಣೆಯ ಎಣಿಕೆಯಲ್ಲಿ ಆದದ್ದು ಇದೇ. ಬಿಜೆಪಿಯ ಮುನ್ನಡೆ ಬಹುಮತದ ಗೆರೆ ದಾಟಿದ್ದೇ ತಡ, ಸರ್ಕಾರ ಯಾರದೆಂಬ ತೀರ್ಪು ಪರದೆಯ ಮೇಲೆ ಬಂದುಬಿಟ್ಟಿತು. ಎಣಿಕೆ ಮುಗಿದಾಗ ಪಕ್ಷ 104ಕ್ಕೆ ನಿಂತಿತ್ತು. ಮುನ್ನಡೆಯ ಲೆಕ್ಕ ತಪ್ಪಾಗಿರಲಿಲ್ಲ. ಅದನ್ನು ಫಲಿತಾಂಶದ ಹಾಗೆ ಓದಿದ್ದು ತಪ್ಪು.

ಎಣಿಕೆ ಕೇಂದ್ರಕ್ಕೆ ಹೋಗುವ ಮುನ್ನ

ಹಿಂದಿನ ದಿನವೇ ಕ್ಷೇತ್ರದ ಮತಗಟ್ಟೆಗಳ ಪಟ್ಟಿ ತೆಗೆದಿಟ್ಟುಕೊಳ್ಳಿ. ಒಂದು ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಟೇಬಲ್ ಇರುತ್ತವೆ. ಒಂದು ಸುತ್ತು ಎಂದರೆ 14 ಮತಗಟ್ಟೆ. 250 ಮತಗಟ್ಟೆ ಇದ್ದರೆ 18 ಸುತ್ತು. ಟೇಬಲ್ ಹೆಚ್ಚು ಕಡಿಮೆ ಇದ್ದರೆ ಲೆಕ್ಕವೂ ಬದಲಾಗುತ್ತದೆ, ಆದ್ದರಿಂದ ಬೆಳಿಗ್ಗೆ ಹೋದ ಕೂಡಲೇ ಟೇಬಲ್ ಎಷ್ಟೆಂದು ಕೇಳಿಕೊಳ್ಳಿ. 8 ಗಂಟೆಗೆ ಅಂಚೆ ಮತ ಮೊದಲು, ಅರ್ಧ ಗಂಟೆಯ ನಂತರ ಇವಿಎಂ.

ಯಂತ್ರಗಳು ಸಾಮಾನ್ಯವಾಗಿ ಮತಗಟ್ಟೆ ಸಂಖ್ಯೆಯ ಅನುಕ್ರಮದಲ್ಲೇ ಟೇಬಲಿಗೆ ಬರುತ್ತವೆ. ಪಟ್ಟಿಯಲ್ಲಿ ಮೊದಲ 60 ಮತಗಟ್ಟೆಗಳು ಒಂದು ಹೋಬಳಿಯವು, ಕೊನೆಯ 70 ಪಟ್ಟಣದವು ಎಂದಿಟ್ಟುಕೊಳ್ಳಿ. ಆಗ ಮೊದಲ ನಾಲ್ಕು ಸುತ್ತಿನ ಮುನ್ನಡೆ ಆ ಹೋಬಳಿಯ ಒಲವು ತೋರಿಸುತ್ತದೆ, ಕ್ಷೇತ್ರದ್ದಲ್ಲ. ಪಟ್ಟಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸುತ್ತಿನ ಗೆರೆ ಎಳೆದು, ಯಾವ ಸುತ್ತಿಗೆ ಯಾವ ಊರು ಎಂದು ಬರೆದುಕೊಂಡರೆ ಹಾಲ್‌ನಲ್ಲಿ ಬೇರೆ ಯಾರಿಗೂ ಕಾಣದ್ದು ನಿಮಗೆ ಕಾಣುತ್ತದೆ.

ಬಾಕಿ ಮತದ ಅಂದಾಜೂ ಕಷ್ಟವಲ್ಲ. ಐದು ಸುತ್ತು ಉಳಿದಿದ್ದರೆ 70 ಮತಗಟ್ಟೆ. ಒಂದೊಂದರಲ್ಲಿ ಸರಾಸರಿ 700 ಮತ ಬಿದ್ದಿದ್ದರೆ 49,000 ಮತ. ಅಷ್ಟು ಬಾಕಿ ಇರುವಾಗ 3,000ದ ಮುನ್ನಡೆಗೆ ‘ಗೆಲುವಿನತ್ತ ದಾಪುಗಾಲು’ ಎಂದು ಹೆಡ್ಡಿಂಗ್ ಕೊಡುವುದು ದುಡುಕು. ‘13ನೇ ಸುತ್ತಿನ ಅಂತ್ಯಕ್ಕೆ 3,000 ಮುನ್ನಡೆ, ಇನ್ನೂ 5 ಸುತ್ತು ಬಾಕಿ’ ಎಂದು ಬರೆದರೆ ಸಾಕು.

ಚುನಾವಣಾಧಿಕಾರಿ ಘೋಷಿಸುವವರೆಗೆ ‘ಗೆದ್ದರು’ ಎಂಬ ಕ್ರಿಯಾಪದ ಮುಟ್ಟಬೇಡಿ, ಪಕ್ಷದ ಕಾರ್ಯಕರ್ತರು ಆಗಲೇ ಗುಲಾಲು ಎರಚುತ್ತಿದ್ದರೂ ಸರಿ. 2023ರಲ್ಲಿ ಜಯನಗರದಲ್ಲಿ ಮರುಎಣಿಕೆಯ ನಂತರ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತದಿಂದ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ.

ಫಲಿತಾಂಶ ಬಂದ ಮೇಲಿನ ಲೆಕ್ಕ

ಸೀಟು ಸ್ಕೋರ್‌ಬೋರ್ಡ್ ಇದ್ದ ಹಾಗೆ. ಆಟ ಹೇಗೆ ನಡೆಯಿತೆಂಬುದು ಮತಪ್ರಮಾಣದಲ್ಲಿದೆ. 2018ರಲ್ಲಿ ಬಿಜೆಪಿಗೆ ಸುಮಾರು ಶೇ 36 ಮತ, 104 ಸೀಟು. 2023ರಲ್ಲೂ ಹತ್ತಿರಹತ್ತಿರ ಶೇ 36 ಮತವೇ, ಸೀಟು ಮಾತ್ರ 66. ಕಾಂಗ್ರೆಸ್ ಸುಮಾರು ಶೇ 38ರಿಂದ 43ಕ್ಕೆ ಏರಿ 135 ಸೀಟು ಪಡೆಯಿತು. ಜೆಡಿಎಸ್ 18ರಿಂದ 13ಕ್ಕೆ ಇಳಿದು 37ರ ಜಾಗದಲ್ಲಿ 19ಕ್ಕೆ ಬಂತು. ‘ಬಿಜೆಪಿಯನ್ನು ಮತದಾರ ಕೈಬಿಟ್ಟ’ ಎಂಬ ಇಂಟ್ರೊ (ಸುದ್ದಿಯ ಆರಂಭದ ಸಾಲು) ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಹಾಗೆಂದು ಜೆಡಿಎಸ್ ಮತವೇ ಎತ್ತಿಟ್ಟ ಹಾಗೆ ಕಾಂಗ್ರೆಸ್ಸಿಗೆ ಹೋಯಿತು ಎಂದೂ ಬರೆಯುವಂತಿಲ್ಲ. ರಾಜ್ಯದ ಒಟ್ಟು ಲೆಕ್ಕದಲ್ಲಿ ಒಳಗೊಳಗಿನ ಅದಲುಬದಲು ಕಾಣುವುದಿಲ್ಲ. ಅದಕ್ಕೆ ಅಂತಿಮ ಫಲಿತಾಂಶದ ಹಾಳೆಯಾದ ನಮೂನೆ 20ರಲ್ಲಿ ಸಿಗುವ ಮತಗಟ್ಟೆವಾರು ಮತ ನೋಡಬೇಕು.

ಇಲ್ಲೇ ಒಂದು ಗುಂಡಿ ಇದೆ, ಹಳಬರೂ ಬೀಳುತ್ತಾರೆ. 38ರಿಂದ 43ಕ್ಕೆ ಹೋದರೆ ‘ಶೇ 5ರಷ್ಟು ಹೆಚ್ಚಳ’ ಅಲ್ಲ. ಅದು 5 ಶೇಕಡಾವಾರು ಅಂಶದ ಹೆಚ್ಚಳ. ಶೇಕಡಾದಲ್ಲಿ ಹೇಳುವುದಾದರೆ ಸುಮಾರು 13.

ಅಭ್ಯರ್ಥಿಯ ಆಸ್ತಿ ಸುದ್ದಿಯಲ್ಲೂ ಇಂಥದೇ ಎಡವಟ್ಟು. ನಮೂನೆ 26ರ ಪ್ರಮಾಣಪತ್ರದಲ್ಲಿ ಅಭ್ಯರ್ಥಿ, ಪತ್ನಿ ಅಥವಾ ಪತಿ, ಅವಿಭಕ್ತ ಕುಟುಂಬ, ಅವಲಂಬಿತರು ಎಂದು ಬೇರೆ ಬೇರೆ ಕಾಲಂ ಇರುತ್ತವೆ. ಒಂದು ಚುನಾವಣೆಯಲ್ಲಿ ಅಭ್ಯರ್ಥಿಯದಷ್ಟೇ, ಮುಂದಿನದರಲ್ಲಿ ಎಲ್ಲರದೂ ಸೇರಿಸಿ ಕೂಡಿದರೆ ‘ಐದೇ ವರ್ಷದಲ್ಲಿ ಆಸ್ತಿ ಮೂರು ಪಟ್ಟು’ ಆಗಿಬಿಡುತ್ತದೆ. ಜಮೀನಿಗೆ ಖರೀದಿ ಬೆಲೆ ಹಿಡಿದಿರೋ, ಈಗಿನ ಮಾರುಕಟ್ಟೆ ಬೆಲೆಯೋ ನೋಡಿ. ಸಾಲದ ಪುಟವನ್ನೂ ತಿರುವಿ. ಅದು ಹಿಂದೆಲ್ಲೋ ಇರುತ್ತದೆ, ಅವಸರದಲ್ಲಿ ಬಿಟ್ಟುಹೋಗುತ್ತದೆ.

ಸದನದ ವರದಿಗೆ ಕೂತಾಗ ನೆನಪಿಡಬೇಕಾದದ್ದು ಒಂದು: ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತನ್ನು ಪ್ರಕಟಿಸಿದರೆ ಹಕ್ಕುಚ್ಯುತಿ. ಮಾತು ಎಷ್ಟೇ ಸ್ವಾರಸ್ಯವಾಗಿರಲಿ, ಪಕ್ಕದವರ ಮೊಬೈಲಿನಲ್ಲಿ ಅದರ ವಿಡಿಯೊ ಇರಲಿ.

ಕ್ರಿಯಾಪದದ ಕಾಟ

ಕನ್ನಡ ರಾಜಕೀಯ ಸುದ್ದಿಯನ್ನು ಕೆಡಿಸಿದ್ದು ಕ್ರಿಯಾಪದಗಳು ಎಂದರೆ ಉತ್ಪ್ರೇಕ್ಷೆಯಲ್ಲ. ಯಾರೂ ಏನನ್ನೂ ಸುಮ್ಮನೆ ‘ಹೇಳುವುದಿಲ್ಲ’; ಕಿಡಿ ಕಾರುತ್ತಾರೆ, ಗುಡುಗುತ್ತಾರೆ, ಟಾಂಗ್ ಕೊಡುತ್ತಾರೆ, ಗರಂ ಆಗುತ್ತಾರೆ. ಪ್ರೆಸ್‌ಮೀಟಿನಲ್ಲಿ ಕಾಫಿ ಹೀರುತ್ತ ತಣ್ಣಗೆ ಆಡಿದ ಮಾತೂ ಮರುದಿನ ‘ವಾಗ್ದಾಳಿ’. ಇವೆಲ್ಲ ಬರೀ ಅಬ್ಬರ. ನಿಜವಾದ ಅಪಾಯ ಸಭ್ಯವಾಗಿ ಕಾಣುವ ಕ್ರಿಯಾಪದಗಳಲ್ಲಿದೆ. ‘ಹಗರಣ ನಡೆದಿಲ್ಲ ಎಂದು ಸಚಿವರು ಸ್ಪಷ್ಟಪಡಿಸಿದರು’ ಎಂದರೆ ನಡೆದಿಲ್ಲ ಎಂದು ನೀವೂ ಒಪ್ಪಿದಂತೆ. ‘ಬಯಲು ಮಾಡಿದರು’ ಎಂದರೆ ಆರೋಪ ಸಾಬೀತಾದಂತೆ. ‘ಒಪ್ಪಿಕೊಂಡರು’ ಎಂದರೆ ತಪ್ಪಿತಸ್ಥರಾದಂತೆ. ಕಾಪಿ ಮುಗಿದ ಮೇಲೆ ಇಂಥ ಪದಗಳಿಗೆಲ್ಲ ಅಡಿಗೆರೆ ಹಾಕಿ ‘ಹೇಳಿದರು’ ಅಥವಾ ‘ಆರೋಪಿಸಿದರು’ ಇಟ್ಟು ಓದಿ. ಸುದ್ದಿಯಲ್ಲಿ ಏನೂ ಉಳಿಯದಿದ್ದರೆ ಅದು ಸುದ್ದಿಯಾಗಿರಲಿಲ್ಲ.

ಅಂಗಳದಲ್ಲಿ

ಕ್ರೀಡಾಪುಟಕ್ಕೂ ಈ ಚಟ ಇದೆ: ಧೂಳೀಪಟ, ಮಕಾಡೆ, ಹೀನಾಯ, ರೋಚಕ. ‘ರೋಚಕ’ವನ್ನು ಒಂದು ಪಂದ್ಯದ ಮೇಲಿಟ್ಟು ನೋಡೋಣ. 2025ರ ಜೂನ್ 3ರ ಐಪಿಎಲ್ ಫೈನಲ್, ಅಹಮದಾಬಾದ್. ಆರ್‌ಸಿಬಿ 9 ವಿಕೆಟಿಗೆ 190, ಪಂಜಾಬ್ ಕಿಂಗ್ಸ್ 7 ವಿಕೆಟಿಗೆ 184. ಅಂತರ 6 ರನ್. ಸ್ಕೋರ್ ಮಾತ್ರ ನೋಡಿದವರು ಕೊನೆಯ ಎಸೆತದವರೆಗೂ ಉಸಿರು ಬಿಗಿಹಿಡಿದ ಪಂದ್ಯ ಎಂದು ಬರೆಯುತ್ತಾರೆ. ಕೊನೆಯ ಓವರಿಗೆ ಬೇಕಿದ್ದದ್ದು 29. ಹೇಜಲ್‌ವುಡ್‌ ಹಾಕಿದ ಮೊದಲೆರಡು ಎಸೆತದಲ್ಲಿ ರನ್ ಇಲ್ಲ. ಉಳಿದ ನಾಲ್ಕಕ್ಕೂ ಸಿಕ್ಸರ್ ಹೊಡೆದರೆ 24. ನೋಬಾಲ್, ವೈಡ್ ಬೀಳದಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು. ಆಮೇಲೆ ಶಶಾಂಕ್ ಸಿಂಗ್ ಹೊಡೆದ 6, 4, 6, 6 ಅಂತರವನ್ನು ಕುಗ್ಗಿಸಿತು, ಅಷ್ಟೇ.

ಹಾಗಾದರೆ ಪಂದ್ಯ ತಿರುಗಿದ್ದೆಲ್ಲಿ? ಬೌಲಿಂಗ್ ಅಂಕಿಗಳಿಗೆ ಬನ್ನಿ. ಎರಡೂ ತಂಡ ಓವರಿಗೆ 9ರ ಮೇಲೆ ಗಳಿಸಿದ ರಾತ್ರಿ ಕೃಣಾಲ್ ಪಾಂಡ್ಯ 4 ಓವರಿನಲ್ಲಿ 17 ಕೊಟ್ಟು, ಪ್ರಭ್‌ಸಿಮ್ರನ್ ಮತ್ತು ಜೋಶ್ ಇಂಗ್ಲಿಸ್ ವಿಕೆಟ್ ಕಿತ್ತರು. ಓವರಿಗೆ 4.25. ಇಂಟ್ರೊದಲ್ಲಿ 2008ರಿಂದ ಕಾದ ಮೊದಲ ಕಪ್ ಇರಲಿ, ಅದು ಬಿಡುವಂಥದ್ದಲ್ಲ; ಎರಡನೇ ಪ್ಯಾರಾ ಮಾತ್ರ ಕೃಣಾಲ್‌ಗೆ ಸೇರಬೇಕು.

ರಾತ್ರಿ ಪಂದ್ಯಕ್ಕೆ ಡೆಡ್‌ಲೈನೇ ಶತ್ರು. ಜಿಲ್ಲೆಗಳಿಗೆ ಹೋಗುವ ಆವೃತ್ತಿ ಪಂದ್ಯ ಮುಗಿಯುವ ಮೊದಲೇ ಮುದ್ರಣಕ್ಕೆ ಹೊರಟಿರುತ್ತದೆ. ಮೊದಲ ಇನಿಂಗ್ಸ್ ಮುಗಿದ ಕೂಡಲೇ ಅದರ 150 ಪದ ಬರೆದು ಕಳಿಸಿ. ಎರಡನೆಯದರ 15 ಓವರ್ ಆದಾಗ ಎರಡು ಇಂಟ್ರೊ ಸಿದ್ಧವಿರಲಿ, ಗೆದ್ದರೆ ಒಂದು, ಸೋತರೆ ಇನ್ನೊಂದು. ಬೇಡದ್ದನ್ನು ಕಡತದಿಂದ ಅಳಿಸಿ. ತಪ್ಪು ಇಂಟ್ರೊ ಪುಟಕ್ಕೆ ಹೋಗುವುದು ಹೀಗೆ ಉಳಿದುಕೊಂಡಾಗಲೇ.

ಕಳಿಸುವ ಮುನ್ನ ಬ್ಯಾಟರ್‌ಗಳ ರನ್ ಮತ್ತು ‘ಇತರೆ’ ರನ್ (ವೈಡ್, ನೋಬಾಲ್ ಮುಂತಾದವು) ಕೂಡಿಸಿ. ತಂಡದ ಮೊತ್ತ ಬರದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ. ರನ್‌ರೇಟ್ ಲೆಕ್ಕಕ್ಕೆ 18.3 ಓವರನ್ನು ಹಾಗೇ ಭಾಗಿಸಬೇಡಿ. ಅದು 18 ಓವರ್ 3 ಎಸೆತ, ಅಂದರೆ 18.5. ನೆಟ್ ರನ್‌ರೇಟಿನಲ್ಲಿ ತಂಡ ಆಲೌಟ್ ಆಗಿದ್ದರೆ ಆಡಿದ ಓವರ್ ಅಲ್ಲ, ಪೂರ್ತಿ ಕೋಟಾ ಹಿಡಿಯಬೇಕು. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಗೆ ಗುರಿ ಎರಡಿತ್ತು: ಗೆಲ್ಲಲು 219, ಸೋತರೂ ನೆಟ್ ರನ್‌ರೇಟಿನ ಬಲದಿಂದ ಪ್ಲೇಆಫ್‌ಗೆ ಹೋಗಲು 201. ಗಳಿಸಿದ್ದು 191. ‘27 ರನ್ ಸೋಲು’ ಎಂದಷ್ಟೇ ಬರೆದವರು ಕೇವಲ 10 ರನ್‌ಗೆ ತಪ್ಪಿದ ಪ್ಲೇಆಫ್ ಜಾಗವನ್ನು ಬಿಟ್ಟರು.

ಜಿಲ್ಲಾ ಮಟ್ಟದ ದಸರಾ ಕ್ರೀಡಾಕೂಟ ಇದಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ನಿಮ್ಮ ನೋಟ್‌ಬುಕ್ಕೇ ದಾಖಲೆ. ಸ್ಕೋರರ್ ಸಹಿ ಮಾಡಿದ ಹಾಳೆಯ ಫೋಟೊ ತೆಗೆದುಕೊಳ್ಳಿ. ಹೆಸರನ್ನು ಇಂಗ್ಲಿಷ್ ಪಟ್ಟಿಯಿಂದ ಇಳಿಸಿಕೊಳ್ಳಬೇಡಿ. ‘ಳ’ ಇದ್ದಲ್ಲಿ ‘ಲ’, ‘ಣ’ ಇದ್ದಲ್ಲಿ ‘ನ’ ಬರುತ್ತದೆ. ಹುಡುಗಿಯ ಕೈಗೆ ಪೆನ್ನು ಕೊಟ್ಟು ‘ನಿನ್ನ ಹೆಸರು ಕನ್ನಡದಲ್ಲಿ ಬರಿಯಮ್ಮ’ ಎಂದರಾಯಿತು. ಅವಳ ಮನೆಯಲ್ಲಿ ಆ ಕಟಿಂಗ್ ಎಷ್ಟೋ ವರ್ಷ ಇರುತ್ತದೆ.

ಜೂನ್ 4

ಕಪ್ ಬಂದ ಮರುದಿನ ಬೆಂಗಳೂರಿನಲ್ಲಿ ವಿಜಯೋತ್ಸವ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನರ ಸಾವು. ಮಧ್ಯಾಹ್ನದವರೆಗೆ ಕ್ರೀಡಾಪುಟದ್ದಾಗಿದ್ದ ಸುದ್ದಿ ಸಂಜೆಗೆ ಆಡಳಿತದ ಸುದ್ದಿಯಾಯಿತು. ಇಂಥ ಹೊತ್ತಿನಲ್ಲಿ ಅಂಗಳದಲ್ಲಿರುವ ಕ್ರೀಡಾ ವರದಿಗಾರ ಆಟಗಾರರನ್ನು ಬಿಟ್ಟು ಗೇಟಿಗೆ ಹೋಗಬೇಕು. ಅನುಮತಿ ಕೇಳಿದ್ದು ಯಾರು, ಯಾವಾಗ, ಕೊಟ್ಟವರು ಯಾರು, ಪ್ರವೇಶದ ಬಗ್ಗೆ ಮೊದಲು ಏನು ಪ್ರಕಟಿಸಲಾಗಿತ್ತು, ಯಾವ ಗೇಟ್ ಎಷ್ಟು ಹೊತ್ತಿಗೆ ತೆರೆಯಿತು: ಈ ಪ್ರಶ್ನೆಗಳಿಗೆ ಉತ್ತರವನ್ನು ದಾಖಲೆಯಲ್ಲಿ ಹುಡುಕಿ, ಭಾಷಣದಲ್ಲಲ್ಲ. ‘ಕಾಲ್ತುಳಿತ’ ಎಂಬ ಪದವನ್ನೂ ಯೋಚಿಸಿ ಬಳಸಿ. ಜನ ದಟ್ಟಣೆಯ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ಎದೆ ಒತ್ತಿ ಉಸಿರುಗಟ್ಟಿ. ‘ತುಳಿತ’ ಎಂದಾಗ ತಪ್ಪು ಜನರ ಕಾಲಿಗೆ ಬೀಳುತ್ತದೆ.

ಸಾವಿನ ಸಂಖ್ಯೆಯನ್ನು ಎಣಿಕೆಯ ಸುತ್ತಿನ ಹಾಗೇ ಬರೆಯಿರಿ: ಎಷ್ಟು, ಯಾರು ಹೇಳಿದ್ದು, ಎಷ್ಟು ಗಂಟೆಗೆ. ಎರಡು ಆಸ್ಪತ್ರೆಯ ಲೆಕ್ಕ ಕೂಡಿಸುವ ಮೊದಲು ಒಂದರಿಂದ ಇನ್ನೊಂದಕ್ಕೆ ಸಾಗಿಸಿದವರು ಎರಡೂ ಪಟ್ಟಿಯಲ್ಲಿದ್ದಾರೆಯೇ ನೋಡಿ. ಮನೆಯವರಿಗೆ ತಿಳಿದಿದೆ ಎಂದು ಖಚಿತವಾಗುವವರೆಗೆ ಹೆಸರು ನೋಟ್‌ಬುಕ್ಕಿನಲ್ಲೇ ಇರಲಿ.