ರೈಲಿನ ಹಾರ್ನ್ ನಿಲ್ಲಿಸಲು ನಾವು ರಸ್ತೆ ಅಗೆದೆವು

ನಾನು ಅಮೆರಿಕದ ನಡುಭಾಗದ ಒಂದು ಚಿಕ್ಕ ಊರಿನ ನಗರಾಡಳಿತದಲ್ಲಿ ರಸ್ತೆ ಎಂಜಿನಿಯರ್. ನಮ್ಮ ಊರಿನ ಮಧ್ಯದಲ್ಲೇ ಗೂಡ್ಸ್ ರೈಲುಗಳ ಹಳಿ ಹಾದುಹೋಗುತ್ತದೆ. ಒಂದು ಮೈಲಿಯೊಳಗೆ ಮೂರು ಲೆವೆಲ್ ಕ್ರಾಸಿಂಗ್. ಹಗಲಿರಲಿ, ನಡುರಾತ್ರಿ ಇರಲಿ, ಪ್ರತಿ ಕ್ರಾಸಿಂಗಿಗೂ ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ ಹಾರ್ನ್. ಜನ ಬೇಸತ್ತಿದ್ದರು. "ರೈಲ್ವೆ ಕಂಪನಿಗೆ ಒಂದು ಕಾಗದ ಬರೆದರೆ ಆಯ್ತಲ್ವಾ?" ಎಂದು ಕೌನ್ಸಿಲ್ ಸದಸ್ಯರೊಬ್ಬರು ಕೇಳಿದರು.

ಹಾಗೆ ಆಗುವುದಿಲ್ಲ. ರೈಲು ಓಡಿಸುವವರು ಸುಮ್ನೆ ಹಾರ್ನ್ ಹೊಡೆಯುವುದಿಲ್ಲ. 2005ರ ಜೂನ್ 24ರಿಂದ ಅದು ಇಡೀ ದೇಶಕ್ಕೆ ಕೇಂದ್ರ ಸರ್ಕಾರದ ನಿಯಮ. ಕ್ರಾಸಿಂಗ್ ತಲುಪುವ 15ರಿಂದ 20 ಸೆಕೆಂಡ್ ಮೊದಲು ಹಾರ್ನ್ ಶುರುವಾಗಬೇಕು. ಎಂಜಿನ್ನಿನ ಮುಂದೆ 100 ಅಡಿ ದೂರದಲ್ಲಿ ಅಳೆದರೆ ಸದ್ದು 96 ಡೆಸಿಬೆಲ್‌ಗಿಂತ ಕಡಿಮೆ ಇರಬಾರದು, 110 ದಾಟಬಾರದು. ಇದರ ಹಿಂದೆ ಫ್ಲೋರಿಡಾದ ಕಥೆ ಇದೆ. 1980ರ ದಶಕದಲ್ಲಿ ಅಲ್ಲಿನ ಹಲವು ಊರುಗಳು ಫ್ಲೋರಿಡಾ ಈಸ್ಟ್ ಕೋಸ್ಟ್ ರೈಲ್ವೆಯ ಹಳಿಯ ಮೇಲೆ ರಾತ್ರಿ ಹಾರ್ನ್ ಬೇಡ ಎಂದು ಆದೇಶ ಮಾಡಿದವು. ಆ ಕ್ರಾಸಿಂಗ್‌ಗಳಲ್ಲಿ ರಾತ್ರಿಯ ಅಪಘಾತಗಳು ಹೆಚ್ಚುಕಡಿಮೆ ಮೂರು ಪಟ್ಟಾದವು. 1991ರಲ್ಲಿ ರೈಲು ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಆರ್‌ಎ, ತುರ್ತು ಆದೇಶ ಹೊರಡಿಸಿ ಹಾರ್ನ್ ಮತ್ತೆ ಶುರು ಮಾಡಿಸಿತು. ಹಾಗಾಗಿ ಈಗ ಹಾರ್ನ್ ನಿಲ್ಲಬೇಕಾದರೆ ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಏನಾದರೂ ಮಾಡಬೇಕು. ಅದಕ್ಕೆ ಅರ್ಜಿ ಹಿಡಿದು ಓಡಾಡಬೇಕಾದವರು ರೈಲ್ವೆಯವರಲ್ಲ. ರಸ್ತೆ ಯಾರದೋ ಅವರು, ಅಂದರೆ ನಾವು.

ಇಲ್ಲಿನ ಗೇಟು ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ನಮ್ಮ ಕರ್ನಾಟಕದಲ್ಲಿ ಗೇಟ್‌ಮನ್ ಗೇಟು ಹಾಕಿದರೆ ಹಳಿಯ ಎರಡೂ ಕಡೆ ರಸ್ತೆ ಪೂರ್ತಿ ಬಂದ್. ಕಾರು ನುಸುಳಲು ಜಾಗವೇ ಇಲ್ಲ. (ಬೈಕ್ ಬಗ್ಗಿಸಿಕೊಂಡು ಹೋಗುವವರ ಮಾತು ಬೇರೆ.) ಇಲ್ಲಿ ಗೇಟ್‌ಮನ್ ಇಲ್ಲ. ಗೇಟು ತಾನೇ ಇಳಿಯುತ್ತದೆ, ಅದೂ ಅರ್ಧ ರಸ್ತೆಗೆ ಮಾತ್ರ, ಬರುವ ಗಾಡಿಗಳ ಬದಿಗೆ. ಅವಸರದವನು ಎದುರು ಲೇನಿಗೆ ಹೊರಳಿ, ಹಾವಿನಂತೆ ಸುತ್ತಿ ದಾಟಿಬಿಡುತ್ತಾನೆ. ಕ್ವೈಟ್ ಝೋನ್, ಅಂದರೆ ಕ್ರಾಸಿಂಗಿನಲ್ಲಿ ರೈಲು ಹಾರ್ನ್ ಹೊಡೆಯದ ವಲಯ, ಮಾಡುವ ಕೆಲಸದ ಮುಕ್ಕಾಲು ಭಾಗ ಈ ಒಬ್ಬ ಮನುಷ್ಯನನ್ನು ತಡೆಯುವುದೇ. ಜನ ಇದನ್ನು ಶಬ್ದದ ಸಮಸ್ಯೆ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ಡಿವೈಡರ್ ಸಮಸ್ಯೆ.

ಎಫ್‌ಆರ್‌ಎ ಲೆಕ್ಕ ಕೂಡ ಹೀಗೇ ಇದೆ. ಗೇಟಿರುವ ಕ್ರಾಸಿಂಗಿನಲ್ಲಿ ಹಾರ್ನ್ ತೆಗೆದರೆ ಅಪಾಯ 1.668 ಪಟ್ಟಾಗುತ್ತದೆ ಎಂದು ಅದು ಹಿಡಿಯುತ್ತದೆ. ಎದುರು ಲೇನಿಗೆ ಹೋಗದಂತೆ ಗಟ್ಟಿ ಅಂಚಿನ ಕಾಂಕ್ರೀಟ್ ಡಿವೈಡರ್ ಕಟ್ಟಿದರೆ ಅಪಾಯದಲ್ಲಿ ಶೇಕಡಾ 80 ಕಡಿತ. ಗುಣಿಸಿ ನೋಡಿ: 1.668ರಲ್ಲಿ ಐದನೇ ಒಂದು ಭಾಗ, ಅಂದರೆ ಸುಮಾರು 0.33. ಹಾರ್ನ್ ಇದ್ದಾಗ ಇದ್ದ ಅಪಾಯದ ಮೂರನೇ ಒಂದು ಭಾಗ! ಕೌನ್ಸಿಲ್ ಸಭೆಯಲ್ಲಿ ನಾನು ಬೇರೆ ಸ್ಲೈಡ್ ಜಾಸ್ತಿ ತೋರಿಸಲಿಲ್ಲ, ಈ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆದೆ.

ಮೂರರಲ್ಲಿ ಒಂದೆರಡು ಕ್ರಾಸಿಂಗ್ ಮಾತ್ರ ಸರಿಪಡಿಸಿ, ಒಟ್ಟು ಸರಾಸರಿ ಅಪಾಯ ದೇಶದ ಮಿತಿಯೊಳಗೆ ಬಂತು ಎಂದು ತೋರಿಸಿಯೂ ಪಾಸಾಗಬಹುದು. ಅಗ್ಗದ ದಾರಿ. ಆದರೆ ಆ ಮಿತಿ ಬದಲಾಗುತ್ತಿರುತ್ತದೆ, ಎಫ್‌ಆರ್‌ಎ ಪ್ರತಿ ವರ್ಷ ಮತ್ತೆ ಲೆಕ್ಕ ಹಾಕುತ್ತದೆ. ಮೂರಕ್ಕೂ ಎಫ್‌ಆರ್‌ಎ ಪಟ್ಟಿಯಲ್ಲಿರುವ ಪೂರ್ಣ ಸುರಕ್ಷಾ ವ್ಯವಸ್ಥೆ (ಡಿವೈಡರ್, ನಾಲ್ಕು ಗೇಟು, ಇಲ್ಲವೇ ಕ್ರಾಸಿಂಗ್ ಮುಚ್ಚುವುದು, ಇಂಥವು) ಹಾಕಿದರೆ ಆ ವಾರ್ಷಿಕ ತಲೆನೋವಿಲ್ಲ. ನಾನು ಅದಕ್ಕೇ ಹಟ ಹಿಡಿದೆ.

ಲೆಕ್ಕಕ್ಕಿಂತ ಮೊದಲು ಕ್ರಾಸಿಂಗ್‌ಗಳ ಜಾತಕ ಸರಿ ಮಾಡಬೇಕಿತ್ತು. ಪ್ರತಿ ಕ್ರಾಸಿಂಗಿಗೂ ಆರು ಅಂಕಿ, ಒಂದು ಅಕ್ಷರದ ರಾಷ್ಟ್ರೀಯ ನಂಬರ್ ಇದೆ. ಕಂಬದ ನೀಲಿ ಬೋರ್ಡಿನಲ್ಲಿ ಬರೆದಿರುತ್ತದೆ. ಆ ನಂಬರಿನ ಕಡತದಲ್ಲಿದ್ದ ವಾಹನಗಳ ಎಣಿಕೆ ಓಬೀರಾಯನ ಕಾಲದ್ದು. ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಕಿಸಿ ಹೊಸದಾಗಿ ಎಣಿಸಿದೆವು. ಇದನ್ನು ಬಿಟ್ಟು ಮುಂದೆ ಹೋದರೆ ಮುಂದಿನ ಎಲ್ಲ ಲೆಕ್ಕವೂ ತಪ್ಪು.

ನಂತರ ನಗರ, ರೈಲ್ವೆ, ರಾಜ್ಯ ಸರ್ಕಾರ, ಎಫ್‌ಆರ್‌ಎ ಎಲ್ಲರೂ ಹಳಿಯ ಪಕ್ಕ ನಿಂತು ಒಂದೊಂದೇ ಕ್ರಾಸಿಂಗ್ ನೋಡಿದೆವು.

ಮುಖ್ಯ ರಸ್ತೆಯದು ಸುಲಭ ಎಂದುಕೊಂಡಿದ್ದರು ಎಲ್ಲರೂ. ಗೇಟಿನಿಂದ 100 ಅಡಿ ಉದ್ದ ಡಿವೈಡರ್ ಬೇಕು. ಮಧ್ಯೆ ಅಡ್ಡರಸ್ತೆ ಬಂದರೆ 60 ಅಡಿಯಾದರೂ ಇರಲೇಬೇಕು. ಆ 60 ಅಡಿಯೊಳಗೆ ಅಡ್ಡರಸ್ತೆ ಇರಬಾರದು, ಅಂಗಡಿಯ ದಾರಿಯೂ ಇರಬಾರದು. ಮನೆಯ ದಾರಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ಸರಿಯಾಗಿ ಅಲ್ಲೇ ಒಂದು ಟೈರ್ ಅಂಗಡಿ. ಅಂಗಡಿಯವರಿಗೂ ರೈಲಿನ ಹಾರ್ನ್ ಬೇಡವಾಗಿತ್ತು, ಆದರೆ ತಮ್ಮ ದಾರಿ ಹಿಂಬದಿಗೆ ಹೋಗುವುದೂ ಬೇಡವಾಗಿತ್ತು. ತಪ್ಪೇನಿಲ್ಲ, ವ್ಯಾಪಾರದ ಪ್ರಶ್ನೆ. ಹಿಂದಿನ ಬೀದಿಯಿಂದ ಟ್ರಕ್ ತಿರುಗುವಷ್ಟು ಅಗಲದ ದಾರಿ, ಹೊಸ ಫಲಕ, ಎರಡೂ ನಗರದ ಖರ್ಚಿನಲ್ಲಿ ಎಂದ ಮೇಲೆ ಒಪ್ಪಿದರು. ಈ ಮಾತುಕತೆಗೆ ಹಿಡಿದಷ್ಟು ಸಮಯ ಕಾಂಕ್ರೀಟಿಗೆ ಹಿಡಿಯಲಿಲ್ಲ. ಪ್ಲಾಸ್ಟಿಕ್ ಕಂಬಗಳ ಸಾಲು ಅಗ್ಗ ಎಂದು ಸಲಹೆ ಬಂದಿತ್ತು. ನಿಯಮವೂ ಒಪ್ಪುತ್ತದೆ. ಆದರೆ ಚಳಿಗಾಲದಲ್ಲಿ ಹಿಮ ತಳ್ಳುವ ಗಾಡಿ ಅವುಗಳನ್ನು ಸವರಿಕೊಂಡು ಹೋಗುತ್ತದೆ. ಕಂಬ ಇಲ್ಲದಿದ್ದರೆ ತಡೆಯೂ ಇಲ್ಲ.

ಎರಡನೆಯದನ್ನು ಮುಚ್ಚಿಯೇ ಬಿಟ್ಟೆವು. ಓಡಾಟ ಕಡಿಮೆ, ಅಗ್ನಿಶಾಮಕ ದಳದವರಿಗೂ ಬೇರೆ ದಾರಿ ಇತ್ತು. ಅಲ್ಲಿನ ಗಾಡಿಗಳ ಲೆಕ್ಕವನ್ನು ಪಕ್ಕದ ಕ್ರಾಸಿಂಗ್‌ಗಳಿಗೆ ಸೇರಿಸಬೇಕು, ಅಷ್ಟೇ.

ಮೂರನೆಯದಕ್ಕೆ ಎರಡೂ ಬದಿ ಅಡ್ಡರಸ್ತೆ, ಡಿವೈಡರಿಗೆ ಜಾಗವಿಲ್ಲ. ನಾಲ್ಕು ಗೇಟು ಹಾಕಿಸಬೇಕಾಯಿತು. ಅಂದರೆ ಕೊನೆಗೆ ನಮ್ಮ ಕರ್ನಾಟಕದ ಗೇಟಿನ ಹಾಗೇ, ರಸ್ತೆ ಪೂರ್ತಿ ಬಂದ್! ಗೇಟು, ಸಿಗ್ನಲ್ ಎಲ್ಲ ರೈಲ್ವೆ ಕಂಪನಿಯೇ ಮಾಡಬೇಕು, ಬಿಲ್ ನಮಗೆ. ಡ್ರಾಯಿಂಗ್ ನೋಡಿದ್ದಕ್ಕೂ ಬಿಲ್. ಕ್ವೈಟ್ ಝೋನ್ ಖರ್ಚು ಕ್ರಾಸಿಂಗಿಗೆ 30 ಸಾವಿರ ಡಾಲರಿನಿಂದ 10 ಲಕ್ಷ ಡಾಲರಿಗೂ ಮೇಲೆ ಹೋಗಬಹುದು ಎನ್ನುತ್ತಾರಲ್ಲ, ಆ ಅಂತರ ಬರುವುದು ಮುಖ್ಯವಾಗಿ ಇಲ್ಲಿಂದ. ಇದರ ಜೊತೆಗೆ ರೈಲು ನಿಧಾನ ಬರಲಿ, ಜೋರಾಗಿ ಬರಲಿ, ಅದು ತಲುಪುವ ಅಷ್ಟೇ ಸೆಕೆಂಡ್ ಮೊದಲು ಗೇಟಿನ ಎಚ್ಚರಿಕೆ ಶುರು ಮಾಡುವ ಸರ್ಕ್ಯೂಟ್ ಬೇಕು. ಕರೆಂಟ್ ಹೋದರೆ ತೋರಿಸುವ ದೀಪವೂ ಬೇಕು.

ಕಾಗದದ ಕೆಲಸ ಎರಡು ಸುತ್ತು. ಮೊದಲು ಹೀಗೆ ಮಾಡಲಿದ್ದೇವೆ ಎಂಬ ನೋಟಿಸ್. ರೈಲ್ವೆಗೂ ರಾಜ್ಯಕ್ಕೂ ಅಭಿಪ್ರಾಯ ಹೇಳಲು 60 ದಿನ. ಕೆಲಸವೆಲ್ಲ ಮುಗಿದ ಮೇಲೆ ಸ್ಥಾಪನೆಯ ನೋಟಿಸ್. ಅದನ್ನು ಅಂಚೆಗೆ ಹಾಕಿ ಕನಿಷ್ಠ 21 ದಿನ ಆದ ಮೇಲೆ ಮಾತ್ರ ಹಾರ್ನ್ ನಿಲ್ಲಬಹುದು. ಅಷ್ಟರೊಳಗೆ ರಸ್ತೆ ಬದಿ 'ಇಲ್ಲಿ ರೈಲು ಹಾರ್ನ್ ಮಾಡುವುದಿಲ್ಲ' ಎಂಬ ಬೋರ್ಡ್ ನಿಂತಿರಬೇಕು.

ಹಾರ್ನ್ ನಿಂತ ಮೇಲೂ ದೂರಿನ ಫೋನ್ ಬಂದವು. ಹಳಿಯ ಮೇಲೆ ಮನುಷ್ಯರೋ ಪ್ರಾಣಿಯೋ ಕಂಡರೆ ರೈಲು ಓಡಿಸುವವರು ಹಾರ್ನ್ ಹೊಡೆಯಬಹುದು, ಕೆಲಸಗಾರರು ಇದ್ದರೆ ಹೊಡೆಯಲೇಬೇಕು. ಗೇಟಿನ ಗಂಟೆಯೂ ನಿಲ್ಲುವುದಿಲ್ಲ. ಇದನ್ನು ಮೊದಲೇ ಊರಿಗೆಲ್ಲ ಕರಪತ್ರ ಹಂಚಿ ಹೇಳಿದ್ದೆವು, ಓದಿದವರು ಕಡಿಮೆ.

ಇನ್ನು ಉಳಿದಿರುವುದು ಒಂದೇ. ಸ್ಥಾಪನೆಯ ನೋಟಿಸ್ ಕೊಟ್ಟ ನಾಲ್ಕೂವರೆ ವರ್ಷದಿಂದ ಐದು ವರ್ಷದ ನಡುವೆ, ಎಲ್ಲ ಹಾಗೇ ಇದೆ ಎಂದು ಎಫ್‌ಆರ್‌ಎಗೆ ಬರೆದು ಕೊಡಬೇಕು, ಕ್ರಾಸಿಂಗ್ ಕಡತವನ್ನೂ ಹೊಸದು ಮಾಡಬೇಕು. ಆಗ ನಾನು ಈ ಕೆಲಸದಲ್ಲಿ ಇರುತ್ತೇನೋ ಇಲ್ಲವೋ. ಅದಕ್ಕೇ ಆ ತಾರೀಕನ್ನು ನಗರ ಕ್ಲರ್ಕ್ ಕಚೇರಿಯ ಕ್ಯಾಲೆಂಡರಿನಲ್ಲೂ ಹಾಕಿಸಿಟ್ಟಿದ್ದೇನೆ.